ದೊಡ್ಡ ಚರ್ಚು, ಚಿಕ್ಕ ಸಭೆ: ಕಟ್ಟಡದ ಮುಂದಿನ ದಾರಿ ಹುಡುಕೋದು ಎಲ್ಲಿಂದ ಶುರು ಮಾಡಬೇಕು?

ಮೂರನೇ ಬೆಂಚು:

ಎಲ್ಲರಿಗೂ ನಮಸ್ಕಾರ. ನಾನು ನಮ್ಮ ಸಭೆಯ, ಅಂದರೆ ನಮ್ಮ ಚರ್ಚಿಗೆ ಸೇರಿದ ಜನರ, ಕಟ್ಟಡ ಕಮಿಟಿಯ ಕಾರ್ಯದರ್ಶಿ. ಕೇಳಿ ಪಡೆದ ಕೆಲಸ ಅಲ್ಲ. ಮೀಟಿಂಗಿಗೆ ಹತ್ತು ನಿಮಿಷ ತಡವಾಗಿ ಹೋದೆ, ಅಷ್ಟರಲ್ಲಿ ನನ್ನನ್ನು ಆರಿಸಿ ಆಗಿತ್ತು.

ವಿಷಯ ಇಷ್ಟು. ನಮ್ಮ ಚರ್ಚಿನಲ್ಲಿ 350 ಜನ ಕೂರಬಹುದು. ಭಾನುವಾರ ಬರುವವರು 40, ಹೆಚ್ಚೆಂದರೆ 45. ಪೀಠದ ಎಡಕ್ಕೆ ಛಾವಣಿ ಸೋರುತ್ತದೆ. ಅಲ್ಲೊಂದು ನೀಲಿ ಬಕೆಟ್ ಇಟ್ಟು ಮೂರು ವರ್ಷ ಆಯಿತು. ಈಗ ಹೂದಾನಿಯ ಹಾಗೆ ಅದಕ್ಕೂ ಒಂದು ಸ್ಥಾನ ಬಂದುಬಿಟ್ಟಿದೆ. ಶನಿವಾರ ಗುಡಿಸುವವರು ಅದನ್ನು ಎತ್ತಿ, ಒರೆಸಿ, ಮತ್ತೆ ಅಲ್ಲೇ ಇಡುತ್ತಾರೆ.

ಕಮಿಟಿಯಲ್ಲಿ ಮೂರು ಪಂಗಡ. ಮಾರಿಬಿಡಿ ಅನ್ನುವವರು, ಬಾಡಿಗೆಗೆ ಕೊಡಿ ಅನ್ನುವವರು, ಒಂದು ಕಲ್ಲನ್ನೂ ಮುಟ್ಟಬೇಡಿ ಅನ್ನುವವರು. ಪ್ರತಿ ಮೀಟಿಂಗೂ ಛಾವಣಿಯಿಂದ ಶುರುವಾಗಿ ಯಾರದೋ ತಾತ ಕೊಟ್ಟ ದೇಣಿಗೆಯ ಮಾತಿಗೆ ಬಂದು ನಿಲ್ಲುತ್ತದೆ. ಮುಂದಿನ ಹತ್ತು ವರ್ಷಕ್ಕೆ ಒಂದು ಯೋಜನೆ ಬರೆದುಕೊಡಿ ಅಂತ ಮೇಲಿನವರು ಕೇಳಿದ್ದಾರೆ. ಇದನ್ನೆಲ್ಲ ದಾಟಿ ಬಂದವರು ಯಾರಾದರೂ ಇದ್ದೀರಾ? ಎಲ್ಲಿಂದ ಶುರು ಮಾಡೋಣ?

ಬಿಸಿರಕ್ತ:

ಮಾರಿ. ಸಭೆ ಅಂದರೆ ಜನ, ಗೋಡೆ ಅಲ್ಲ. ಮೊದಮೊದಲು ಕ್ರೈಸ್ತರು ಮನೆಗಳಲ್ಲೇ ಸೇರುತ್ತಿದ್ದರು, ಯಾರಿಗೂ ಏನೂ ಕಡಿಮೆ ಆಗಲಿಲ್ಲ. 45 ಜನರ ಕಾಣಿಕೆಯೆಲ್ಲ ಛಾವಣಿಗೇ ಹೋದರೆ ಬಡವರಿಗೆ ಏನು ಉಳಿಯಿತು? ಬೇಕಾದರೆ ಬಕೆಟ್ ಇಟ್ಟುಕೊಳ್ಳಿ.

ಗೋಪುರದ ಪಾರಿವಾಳ:

ಬಿಸಿರಕ್ತ ಅವರೇ, ಸಿರಿಯಾದ ದುರಾ ಯುರೋಪೋಸ್‌ನಲ್ಲಿ ಮೂರನೇ ಶತಮಾನದ ಒಂದು ಚರ್ಚು ಸಿಕ್ಕಿದೆ. ಅದು ಮನೆಯೇ, ನಿಜ. ಆದರೆ ನಡುವಿನ ಗೋಡೆ ತೆಗೆದು, ಒಂದು ಕೋಣೆಯಲ್ಲಿ ಜ್ಞಾನಸ್ನಾನದ ತೊಟ್ಟಿ ಕಟ್ಟಿ, ಗೋಡೆಗೆ ಚಿತ್ರ ಬರೆಸಿದ್ದರು. ಕಟ್ಟಡವನ್ನು ಹೇಗೆ ಬಳಸೋಣ ಅಂತ ಅವರೂ ತಲೆ ಕೆಡಿಸಿಕೊಂಡವರೇ. ಇದು ಹೊಸ ತಲೆನೋವಲ್ಲ.

ಮೂರನೇ ಬೆಂಚು, ಮಾರುವುದು ಬಿಡುವುದು ಆಮೇಲಿನ ಮಾತು. ಮೊದಲು ಆ ಜಾಗ ಯಾರ ಹೆಸರಿನಲ್ಲಿದೆ ನೋಡಿ. ನಮ್ಮದು ಅಂತ ಎಲ್ಲರೂ ಅಂದುಕೊಂಡಿರುತ್ತಾರೆ. ಕಾಗದ ತೆಗೆದರೆ ಟ್ರಸ್ಟ್ ಹೆಸರು ಇರುತ್ತದೆ, ಇಲ್ಲವೇ ದಾನ ಕೊಟ್ಟವರು ಹಾಕಿದ ಷರತ್ತು ಇರುತ್ತದೆ. ಆರಾಧನೆಗೆ ಬಿಟ್ಟು ಬೇರೆ ಯಾವುದಕ್ಕೂ ಬಳಸಬಾರದು ಅಂತ ಒಂದು ಸಾಲು ಇದ್ದರೆ ಸಾಕು, ನಿಮ್ಮ ಯೋಜನೆ ವಕೀಲರ ಮೇಜಿನ ಮೇಲೆ ಮಲಗುತ್ತದೆ. ಆ ತಾತನ ದೇಣಿಗೆ ಸುಮ್ನೆ ಹಳೇ ಕಥೆ ಅಂತ ತಳ್ಳಿಹಾಕಬೇಡಿ, ಕಾಗದ ಹುಡುಕಿ.

ನಮ್ಮ ಕಥೋಲಿಕರಲ್ಲಿ ಧರ್ಮಸಭೆಯ ಕಾನೂನಿನ 1222ನೇ ವಿಧಿ ಇದೆ. ಚರ್ಚನ್ನು ಆರಾಧನೆಯ ಬಳಕೆಯಿಂದ ತೆಗೆದು ಲೌಕಿಕ ಬಳಕೆಗೆ ಬಿಡಬಹುದು, ಆದರೆ ಅದು ಹೊಲಸು ಬಳಕೆ ಆಗಬಾರದು. ತೀರ್ಮಾನ ಬಿಷಪ್ ಅವರದು. ದುರಸ್ತಿಯ ದಾರಿ ಇನ್ನೂ ಇದ್ದು, ಬೇರೆ ಗಂಭೀರ ಕಾರಣಕ್ಕೆ ಬಿಡುವುದಾದರೆ ಅವರು ಪಾದ್ರಿಗಳ ಮಂಡಳಿಯ ಮಾತು ಕೇಳಬೇಕು, ಹಕ್ಕು ಇರುವವರ ಒಪ್ಪಿಗೆ ಪಡೆಯಬೇಕು. ಇದೇ ವಿಷಯಕ್ಕಾಗಿ 2018ರ ನವೆಂಬರ್‌ನಲ್ಲಿ ರೋಮ್‌ನಲ್ಲಿ ವ್ಯಾಟಿಕನ್ ಒಂದು ದೊಡ್ಡ ಸಮ್ಮೇಳನವನ್ನೇ ನಡೆಸಿತು. ‘ದೇವರು ಇನ್ನು ಇಲ್ಲಿ ವಾಸಿಸುವುದಿಲ್ಲವೇ’ ಅಂತ ಅದರ ಹೆಸರು. ಹೆಸರು ಕೇಳಿಯೇ ನಮ್ಮ ಫಾದರ್ ಒಂದು ನಿಮಿಷ ಸುಮ್ಮನಾದರು.

ಲೆಕ್ಕದ ಪುಸ್ತಕ:

ನಾನು ಖಜಾಂಚಿ, ಹದಿನಾಲ್ಕು ವರ್ಷದಿಂದ. ಅದಕ್ಕೇ ನನ್ನ ಮಾತು ಒಣ ಅನಿಸಬಹುದು.

ಒಂದು ದೊಡ್ಡ ಹಾಳೆ ತಗೊಳ್ಳಿ. ವಾರಕ್ಕೆ 168 ಗಂಟೆ. ಕಟ್ಟಡದ ಒಂದೊಂದು ಕೋಣೆಗೂ ಒಂದೊಂದು ಸಾಲು ಹಾಕಿ. ನಾಲ್ಕು ವಾರ, ಯಾವ ಕೋಣೆಯಲ್ಲಿ ಯಾರು ಎಷ್ಟು ಹೊತ್ತು ಇದ್ದರು ಅಂತ ಬರೆಯಿರಿ. ನೆನಪಿನಿಂದ ಬರೆಯಬೇಡಿ, ನೆನಪು ಭಕ್ತಿಯ ಪರ ಸುಳ್ಳು ಹೇಳುತ್ತದೆ. ಬಾಗಿಲ ಪಕ್ಕದಲ್ಲೇ ಹಾಳೆ ಅಂಟಿಸಿ, ಪೆನ್ನಿಗೆ ದಾರ ಕಟ್ಟಿ.

ಖರ್ಚನ್ನು ಎರಡು ಮಾಡಿ. ಬಾಗಿಲು ತೆರೆದಿಡುವುದಕ್ಕೆ ಆಗುವ ಖರ್ಚು ಒಂದು: ಕರೆಂಟು, ನೀರು, ವಿಮೆ, ಕಾವಲು, ಗುಡಿಸುವುದು. ಇಷ್ಟು ವರ್ಷ ಮಾಡದೆ ಮುಂದಕ್ಕೆ ಹಾಕಿದ ದುರಸ್ತಿ ಇನ್ನೊಂದು. ಎರಡನೆಯದನ್ನು ಯಾರೂ ಲೆಕ್ಕದಲ್ಲಿ ತೋರಿಸುವುದಿಲ್ಲ. ಅದು ಸಾಲ ಕಣ್ರೀ. ಬ್ಯಾಂಕಿಗೆ ಬದಲು ಕಟ್ಟಡಕ್ಕೆ ಕೊಡಬೇಕಾದ ಸಾಲ, ಬಡ್ಡಿ ಅಂತೂ ಬೆಳೆಯುತ್ತಲೇ ಇರುತ್ತದೆ.

ಇವೆರಡು ಕೈಯಲ್ಲಿ ಇಲ್ಲದೆ ಮೂರು ಪಂಗಡವನ್ನೂ ಒಂದೇ ಮೇಜಿಗೆ ಕೂರಿಸಬೇಡಿ. ಅಂಕಿ ಇಲ್ಲದ ಕಡೆ ಗಂಟಲು ಜೋರು ಇದ್ದವರೇ ಗೆಲ್ಲುತ್ತಾರೆ.

ಸುಣ್ಣದ ಗೋಡೆ:

ಹಳೇ ಕಟ್ಟಡಗಳ ದುರಸ್ತಿಯೇ ನನ್ನ ಹೊಟ್ಟೆಪಾಡು. ಲೆಕ್ಕದ ಪುಸ್ತಕ ಹೇಳಿದ್ದಕ್ಕೆ ನನ್ನದೊಂದು ಸೇರಿಸಿ.

ಇಂಗ್ಲೆಂಡಿನಲ್ಲಿ 1955ರಿಂದ ಒಂದು ನಿಯಮ ಇದೆ. ಆಂಗ್ಲಿಕನ್ ಚರ್ಚುಗಳನ್ನು ಐದು ವರ್ಷಕ್ಕೊಮ್ಮೆ ವಾಸ್ತುಶಿಲ್ಪಿ ಅಥವಾ ಕಟ್ಟಡ ತಜ್ಞರು ಬಂದು ನೋಡಿ ವರದಿ ಕೊಡಲೇಬೇಕು. ಎಷ್ಟು ಸಾದಾ ಉಪಾಯ ನೋಡಿ. ನಿಮ್ಮಲ್ಲಿ ಅಂಥ ನಿಯಮ ಇರಲಿ ಬಿಡಲಿ, ಒಂದು ಸಲ ಮಾಡಿಸಿ. ವರದಿಯಲ್ಲಿ ಮೂರು ಥರ ಕೇಳಿ: ಈ ಮಳೆಗಾಲದ ಒಳಗೆ ಆಗಬೇಕಾದದ್ದು, ಐದು ವರ್ಷದ ಒಳಗೆ ಆಗಬೇಕಾದದ್ದು, ಆದರೆ ಒಳ್ಳೆಯದು ಅನ್ನುವಂಥದ್ದು. ಎಲ್ಲವನ್ನೂ ಒಂದೇ ಮೊತ್ತ ಮಾಡಿ ಕೊಟ್ಟರೆ ಕಮಿಟಿ ಹೆದರಿ ‘ಮಾರೋಣ’ ಅನ್ನುತ್ತದೆ. ಎಷ್ಟೋ ಸಲ ಮೊದಲ ಪಟ್ಟಿ ಅರ್ಧ ಪುಟ ಮೀರುವುದಿಲ್ಲ.

ನಾನು ನೋಡಿದ ಸೋರಿಕೆಗಳಲ್ಲಿ ಛಾವಣಿಯೇ ಕೆಟ್ಟದ್ದು ಕಡಿಮೆ. ನೀರು ಇಳಿಯುವ ಪೈಪು ಕಟ್ಟಿಕೊಂಡದ್ದು, ಎರಡು ಇಳಿಜಾರು ಸೇರುವ ಕಡೆ ಎಲೆ ತುಂಬಿದ್ದು, ಇಂಥವೇ ಜಾಸ್ತಿ. ಎರಡನೆಯದು, ಹಳೇ ಕಲ್ಲಿನ ಗೋಡೆಗೆ ಸಿಮೆಂಟು ಮೆತ್ತುವುದು. ಸುಣ್ಣದ ಗಾರೆ ತೇವವನ್ನು ಹೊರಗೆ ಬಿಡುತ್ತದೆ, ಸಿಮೆಂಟು ಒಳಗೇ ಕಟ್ಟಿಹಾಕುತ್ತದೆ. ಆಮೇಲೆ ಕಲ್ಲೇ ಪುಡಿಯಾಗಿ ಉದುರುತ್ತದೆ. ಒಳ್ಳೇ ಮನಸ್ಸಿನಿಂದ ಮಾಡಿದ ದುರಸ್ತಿಯೇ ಗೋಡೆ ಕೊಂದದ್ದನ್ನು ನಾನೇ ಎಷ್ಟು ಕಡೆ ಕೆದಕಿ ತೆಗೆದಿದ್ದೇನೆ.

ಮತ್ತೊಂದು ಮಾತು. ಬಣ್ಣದ ಚಿತ್ರ ಬರೆದುಕೊಡುವವರನ್ನು ಈಗಲೇ ಕರೆಯಬೇಡಿ. ಗಾಜಿನ ಗೋಡೆ, ಮಹಡಿ, ಲಿಫ್ಟು ಎಲ್ಲ ಇರುವ ಚಿತ್ರ ಗೋಡೆಗೆ ಅಂಟಿಸಿದಿರೋ, ಸಭೆ ಎರಡಾಗಿ ಒಡೆಯಿತು ಅಂತಲೇ.

ಮೂರನೇ ಬೆಂಚು:

ಎಲ್ಲರಿಗೂ ಥ್ಯಾಂಕ್ಸ್. ಹಾಳೆ ಅಂಟಿಸಿದ್ದೇನೆ. ಪೆನ್ನು ಎರಡನೇ ದಿನವೇ ಮಾಯ, ದಾರ ಉಳಿದಿದೆ.

ಒಂದು ಕೇಳಬೇಕಿತ್ತು. ಮೊನ್ನೆ ಹಿಂದಿನ ಬೆಂಚುಗಳನ್ನು ತೆಗೆದರೆ ಜಾಗ ಸಿಗುತ್ತದೆ ಅಂತ ಸುಮ್ನೆ ಒಂದು ಮಾತು ಅಂದೆ. ಎಪ್ಪತ್ತು ದಾಟಿದ ಒಬ್ಬ ತಾಯಿ ಎದ್ದು ಹೊರಗೆ ಹೋದರು. ಆಮೇಲೆ ಗೊತ್ತಾಯಿತು, ಅವರ ಯಜಮಾನರು ಕೊನೇ ಭಾನುವಾರದವರೆಗೂ ಕೂತದ್ದು ಅದೇ ಬೆಂಚಿನಲ್ಲಂತೆ. ಇದಕ್ಕೆ ಯಾವ ಪಟ್ಟಿ ಮಾಡಬೇಕು?

ಕೊಯರ್ ಅಕ್ಕ:

ಮೂರನೇ ಬೆಂಚು ತಮ್ಮಾ, ಇದನ್ನು ಬರೆಯಬೇಕೋ ಬೇಡವೋ ಅಂತ ಎರಡು ದಿನ ಯೋಚನೆ ಮಾಡಿದೆ.

ನಮ್ಮ ಚರ್ಚು ಮುಚ್ಚಿ ಆರು ವರ್ಷ. ಮುಚ್ಚಿದ್ದು ತಪ್ಪು ಅಂತ ನಾನು ಹೇಳುವುದಿಲ್ಲ. ಕೊನೆಗೆ ನಾವು ಹನ್ನೊಂದು ಜನ ಇದ್ದೆವು, ಅದರಲ್ಲಿ ಐದು ಜನ ಕೊಯರ್. ಹಾಡುವವರೇ ಕೇಳುವವರು. ತಪ್ಪಾದದ್ದು ಮುಚ್ಚಿದ ರೀತಿ. ಒಂದು ಭಾನುವಾರ ಆರಾಧನೆ ಮುಗಿದ ಮೇಲೆ ಪ್ರಕಟಣೆ ಓದಿದರು: ಮುಂದಿನ ತಿಂಗಳಿಂದ ಇಲ್ಲಿ ಆರಾಧನೆ ಇರುವುದಿಲ್ಲ. ಅಷ್ಟೇ. ಕೆಳಗೆ ಇನ್ನೊಂದು ಪ್ರಕಟಣೆ ಇತ್ತು, ಯಾರದೋ ಛತ್ರಿ ಬಿಟ್ಟುಹೋಗಿದೆ ಅಂತ.

ಆಮೇಲೆ ಲಾರಿ ಬಂತು. ಬೆಂಚು, ಪ್ರಸಂಗ ಪೀಠ, ಹಾಡಿನ ನಂಬರು ಹಾಕುವ ಮರದ ಹಲಗೆ ಎಲ್ಲ ಹೋಯಿತು. ಆ ಹಲಗೆಯಲ್ಲಿ ಕೊನೇ ಭಾನುವಾರದ ಮೂರು ನಂಬರು ಹಾಗೇ ಇತ್ತು. ಭಾನುವಾರ ಬೆಳಗ್ಗೆ ಅವನ್ನು ಹಾಕುತ್ತಿದ್ದವಳು ನಾನು. ತೆಗೆಯಲು ಯಾರೂ ಹೇಳಲಿಲ್ಲ, ನನಗೂ ತೋಚಲಿಲ್ಲ. ಹಾಗೇ ಲಾರಿ ಹತ್ತಿತು.

ಅದಕ್ಕೇ ಹೇಳುತ್ತೇನೆ. ಬೆಂಚಿನ ಮಾತು ಎತ್ತುವ ಮೊದಲು ಎಲ್ಲರನ್ನೂ ಒಂದು ಸಂಜೆ ಚರ್ಚಿನೊಳಗೇ ಕರೆಯಿರಿ. ಅಜೆಂಡಾ ಬೇಡ. ಒಬ್ಬೊಬ್ಬರೂ ತಮಗೆ ಬೇಕಾದ ಜಾಗದಲ್ಲಿ ಹೋಗಿ ನಿಲ್ಲಲಿ. ಇಲ್ಲಿ ಏನಾಯಿತು ಅಂತ ಹೇಳಲಿ. ಯಾರ ಮದುವೆ, ಯಾರ ಮಗುವಿನ ಜ್ಞಾನಸ್ನಾನ, ಯಾರ ಶವಪೆಟ್ಟಿಗೆ ಇಳಿಸಿದ್ದು. ಒಬ್ಬರು ಬರೆದುಕೊಳ್ಳಲಿ. ಗೋಡೆಯ ಮೇಲಿನ ಹೆಸರಿನ ಕಲ್ಲುಗಳ ಫೋಟೋ ತೆಗೆಯಿರಿ, ಹಳೇ ರಿಜಿಸ್ಟರ್‌ಗಳನ್ನು ಬೀರುವಿನಿಂದ ಎತ್ತಿ ಒಣ ಜಾಗಕ್ಕೆ ಸೇರಿಸಿ. ಆ ತಾಯಿಯ ಮನೆಗೆ ನೀವೇ ಹೋಗಿ. ಬೆಂಚು ಉಳಿಸುತ್ತೀವಿ ಅಂತ ಮಾತು ಕೊಡಲು ಹೋಗಬೇಡಿ, ಸುಮ್ಮನೆ ಕೂತು ಬನ್ನಿ.

ಲೆಕ್ಕದ ಪುಸ್ತಕ:

ಅಕ್ಕ, ನನ್ನ ಹಾಳೆಗಿಂತ ಇದು ಮೊದಲು ಆಗಬೇಕಿತ್ತು. ಒಪ್ಪಿದೆ.

ದಾರಿಹೋಕ:

ನಾನು ಕ್ರೈಸ್ತ ಅಲ್ಲ, ಹೊರಗಿನವನು ಮಾತಾಡಬಹುದಾ? ನಮ್ಮ ಮನೆ ಎದುರಿಗೇ ಒಂದು ಚರ್ಚು. ಚಿಕ್ಕವನಿದ್ದಾಗ ಅದರ ಹಿಂದಿನ ಹಾಲ್‌ನಲ್ಲಿ ಸಂಜೆ ಪಾಠ ಹೇಳಿಕೊಡುತ್ತಿದ್ದರು, ನಾನು ಲೆಕ್ಕ ಕಲಿತದ್ದು ಅಲ್ಲೇ. ಈಗ ಅದಕ್ಕೆ ಬೀಗ. ಏನು ಮಾಡೋಣ ಅಂತ ಅವರು ವರ್ಷಗಟ್ಟಲೆ ಚರ್ಚೆ ಮಾಡಿದರಂತೆ. ಬೀದಿಯಲ್ಲಿ ಒಬ್ಬರನ್ನೂ ಕೇಳಲಿಲ್ಲ. ಕೇಳಿದ್ದರೆ ಹಾಲ್‌ಗೆ ಬಣ್ಣ ಹೊಡೆಯಲು ನಾವೇ ಬರುತ್ತಿದ್ದೆವು.

ಗೋಪುರದ ಪಾರಿವಾಳ:

ದಾರಿಹೋಕರೇ, ಖಂಡಿತ ಮಾತಾಡಿ. ಅಮೆರಿಕದಲ್ಲಿ ‘ಪಾರ್ಟ್‌ನರ್ಸ್ ಫಾರ್ ಸೇಕ್ರೆಡ್ ಪ್ಲೇಸಸ್’ ಅಂತ ಒಂದು ಸಂಸ್ಥೆ ಇದೆ, 1989ರಲ್ಲಿ ಶುರುವಾದದ್ದು. ಹಳೇ ಆರಾಧನಾ ಕಟ್ಟಡ ಇರುವ ಸಭೆಗಳಿಗೆ ದಾರಿ ಹುಡುಕಲು ಸಹಾಯ ಮಾಡುವುದೇ ಅದರ ಕೆಲಸ. ಫಿಲಡೆಲ್ಫಿಯಾ, ಶಿಕಾಗೊ, ಫೋರ್ಟ್ ವರ್ತ್, ಈ ಮೂರು ಕಡೆ 90 ಸಭೆಗಳನ್ನು ಅವರು ಅಧ್ಯಯನ ಮಾಡಿದರು. ಆ ಕಟ್ಟಡಗಳಲ್ಲಿ ನಡೆಯುವ ಸಮುದಾಯದ ಕಾರ್ಯಕ್ರಮಗಳಿಂದ ಉಪಯೋಗ ಪಡೆಯುವವರಲ್ಲಿ 100ಕ್ಕೆ 87 ಜನ ಆ ಸಭೆಯ ಸದಸ್ಯರೇ ಅಲ್ಲ. ಅಂದರೆ ಚರ್ಚಿಗೆ ಬೀಗ ಬಿದ್ದರೆ ಜಾಸ್ತಿ ಕಳೆದುಕೊಳ್ಳುವವರು ಭಾನುವಾರ ಬರದವರೇ.

ಅದಕ್ಕೇ ಅಕ್ಕಪಕ್ಕದವರನ್ನು ಕರೆಯಬೇಕು. ‘ನಮ್ಮ ಪ್ಲಾನ್ ಹೇಗಿದೆ’ ಅಂತ ಕೇಳಲು ಅಲ್ಲ. ‘ಈ ಕಡೆ ಏನು ಇಲ್ಲ, ಏನು ಬೇಕು’ ಅಂತ ಕೇಳಲು.

ಬಿಸಿರಕ್ತ:

ಸರಿ, ಜನರಿಗೆ ಏನು ಬೇಕೋ ಅದನ್ನೆಲ್ಲ ಕೊಡೋಣ. ನಾಳೆ ಕಾಫಿ ಅಂಗಡಿ ಬೇಕು ಅಂತಾರೆ. ಪೀಠದ ಮೇಲೆ ಕಾಫಿ ಮೆಷಿನ್ ಇಡೋದಾ? ಅದಕ್ಕಿಂತ ಮರ್ಯಾದೆಯಾಗಿ ಮಾರಿಬಿಡುವುದು ವಾಸಿ ಅಲ್ವಾ?

ಗೋಪುರದ ಪಾರಿವಾಳ:

ಮಾರಿದರೆ ಮರ್ಯಾದೆ ಉಳಿಯುತ್ತದೆ ಅನ್ನುವುದೇ ಅನುಮಾನ. ಹ್ಯಾಂಬರ್ಗ್‌ನ ಕಪೆರ್ನೌಮ್ ಚರ್ಚು ನೋಡಿ. 2002ರಲ್ಲಿ ಮುಚ್ಚಿತು. ಒಬ್ಬ ಹೂಡಿಕೆದಾರನಿಗೆ ಮಾರಿದರು. ಅವನ ಕಡೆಯಿಂದ 2012ರಲ್ಲಿ ಒಂದು ಇಸ್ಲಾಮಿಕ್ ಕೇಂದ್ರ ಅದನ್ನು ಕೊಂಡಿತು, 2018ರಲ್ಲಿ ಮಸೀದಿಯಾಗಿ ತೆರೆಯಿತು. ಅಲ್ಲಿಯವರೆಗೆ ಗ್ಯಾರೇಜಿನಲ್ಲಿ ನಮಾಜು ಮಾಡುತ್ತಿದ್ದವರು ಅವರು, ಕಟ್ಟಡವನ್ನು ಅಕ್ಕರೆಯಿಂದಲೇ ರಿಪೇರಿ ಮಾಡಿದರು. ನನಗೆ ಅದರಲ್ಲಿ ತಕರಾರಿಲ್ಲ. ನಾನು ಹೇಳುವುದು ಇಷ್ಟೇ: ಎರಡನೇ ಮಾರಾಟದ ಹೊತ್ತಿಗೆ ಹಳೇ ಸಭೆಗೆ ಮಾತಾಡುವ ಹಕ್ಕೇ ಇರುವುದಿಲ್ಲ. ಏನಾಗಬಾರದು ಅನ್ನುವುದಿದ್ದರೆ ಮೊದಲ ಕಾಗದದಲ್ಲೇ ಬರೆಸಬೇಕು.

ಸುಣ್ಣದ ಗೋಡೆ:

ಕಾಫಿ ಮಾತು ಬಂತಲ್ಲ, ಅದಕ್ಕೆ ಒಂದು ಉದಾಹರಣೆ. ನೆದರ್‌ಲ್ಯಾಂಡ್ಸ್‌ನ ಮಾಸ್ಟ್ರಿಕ್ಟ್‌ನಲ್ಲಿ ಡೊಮಿನಿಕನ್ ಚರ್ಚು ಇದೆ. 1294ರಲ್ಲಿ ಪ್ರತಿಷ್ಠೆಯಾದದ್ದು. ಆರಾಧನೆ ನಿಂತು ಇನ್ನೂರು ವರ್ಷ ದಾಟಿದೆ, ಒಂದು ಕಾಲಕ್ಕೆ ಸೈಕಲ್ ನಿಲ್ಲಿಸುವ ಜಾಗವೂ ಆಗಿತ್ತು. 2006ರಲ್ಲಿ ಪುಸ್ತಕದಂಗಡಿ ಆಯಿತು. ಹೌದು, ಒಳಗೆ ಕಾಫಿಯೂ ಸಿಗುತ್ತದೆ, ಅದೂ ಪೀಠ ಇದ್ದ ಕಡೆಯೇ. ಬಿಸಿರಕ್ತ ಅವರಿಗೆ ಇಷ್ಟ ಆಗಲಿಕ್ಕಿಲ್ಲ.

ಆದರೆ ನನ್ನ ಕಣ್ಣು ಹೋಗುವುದು ಬೇರೆ ಕಡೆ. ಅಷ್ಟು ಪುಸ್ತಕಕ್ಕೆ ಜಾಗ ಸಾಲಲಿಲ್ಲ. ಅದಕ್ಕೆ ಒಳಗೇ ಕಪ್ಪು ಉಕ್ಕಿನ ಒಂದು ಎತ್ತರದ ಕಪಾಟು ನಿಲ್ಲಿಸಿದರು, ಮೆಟ್ಟಿಲು ಹತ್ತಿ ಅದರೊಳಗೇ ಓಡಾಡಬಹುದು. ಅದು ತನ್ನ ಕಾಲ ಮೇಲೆ ತಾನೇ ನಿಂತಿದೆ, ಕಲ್ಲಿನ ಕಂಬಕ್ಕೆ ಅಂಟಿಕೊಂಡಿಲ್ಲ. ನಾಳೆ ಬೇಡ ಅನಿಸಿದರೆ ಬಿಚ್ಚಿ ಒಯ್ಯಬಹುದು, ಚರ್ಚು ಇದ್ದ ಹಾಗೇ ಉಳಿಯುತ್ತದೆ. ಬಾಡಿಗೆಗೆ ಬರುವವರಿಗೂ ಇದೇ ಷರತ್ತು ಹಾಕಿ: ಏನೇ ಕಟ್ಟಿದರೂ ಬಿಚ್ಚಲು ಬರುವ ಹಾಗೆ ಕಟ್ಟಿ.

ಆರಾಧನೆ ನಿಲ್ಲಿಸದೆಯೂ ಮಾಡಬಹುದು. ಲಂಡನ್ನಿನ ವೆಸ್ಟ್ ಹ್ಯಾಂಪ್‌ಸ್ಟೆಡ್‌ನ ಸೇಂಟ್ ಜೇಮ್ಸ್ ಚರ್ಚಿನೊಳಗೆ 2014ರಲ್ಲಿ ಅಂಚೆ ಕಚೇರಿ ತೆರೆದರು. ಜೊತೆಗೆ ಮಕ್ಕಳು ಆಡುವ ಜಾಗ, ಕೆಫೆ. ಆರಾಧನೆಯೂ ಅಲ್ಲೇ ಮುಂದುವರಿಯಿತು. ಜರ್ಮನಿಯ ಬೌಟ್‌ಸೆನ್‌ನಲ್ಲಂತೂ 1524ರಿಂದ ಒಂದೇ ಚರ್ಚನ್ನು ಕಥೋಲಿಕರೂ ಪ್ರಾಟೆಸ್ಟೆಂಟರೂ ಹಂಚಿಕೊಂಡಿದ್ದಾರೆ, ಒಬ್ಬರಿಗೆ ಪೀಠದ ಕಡೆ, ಇನ್ನೊಬ್ಬರಿಗೆ ಜನ ಕೂರುವ ಕಡೆ. ನಡುವೆ ಒಂದು ತಡೆ. ಅಷ್ಟು ಕಾಲ ಜಗಳ ಆಗಲಿಲ್ಲವಾ ಅಂದರೆ, ಆಗಿರುತ್ತದೆ ಬಿಡಿ. ಆದರೆ ಛಾವಣಿಯಂತೂ ಉಳಿದಿದೆ.

ಲೆಕ್ಕದ ಪುಸ್ತಕ:

ಬಾಡಿಗೆ ಪಂಗಡಕ್ಕೆ ನನ್ನದೊಂದು ಎಚ್ಚರಿಕೆ. ನಾವು ಹಾಲ್ ಕೊಟ್ಟು ಮೊದಲ ವರ್ಷ ಕೈ ಸುಟ್ಟುಕೊಂಡೆವು. ಬಾಡಿಗೆ ಬಂತು, ನಿಜ. ಕರೆಂಟು, ಗುಡಿಸುವವರ ಸಂಬಳ, ಮುರಿದ ಕುರ್ಚಿ, ಹೆಚ್ಚಾದ ವಿಮೆ ಎಲ್ಲ ಕಳೆದರೆ ಕೈಯಲ್ಲಿ ಉಳಿದದ್ದು ಒಂದು ನಲ್ಲಿ ರಿಪೇರಿಗೂ ಸಾಲುತ್ತಿರಲಿಲ್ಲ. ಒಂದು ಗಂಟೆ ಬಾಗಿಲು ತೆರೆದರೆ ನಮಗೆ ಎಷ್ಟು ಖರ್ಚು ಅಂತಲೇ ನಾವು ಲೆಕ್ಕ ಹಾಕಿರಲಿಲ್ಲ. ಆ ಅಂಕಿ ಮೊದಲು ತಿಳಿಯಲಿ. ಅದಕ್ಕಿಂತ ಕಡಿಮೆಗೆ ಕೊಡುವುದಾದರೆ ಕೊಡಿ, ಅದು ಸೇವೆ. ಆದರೆ ಸೇವೆ ಅಂತ ತಿಳಿದೇ ಕೊಡಿ.

ಒಪ್ಪಂದ ಬರಹದಲ್ಲಿರಲಿ, ಮೊದಲ ಸಲ ಒಂದೇ ವರ್ಷಕ್ಕೆ. ಧಾರ್ಮಿಕ ಕಟ್ಟಡಕ್ಕೆ ತೆರಿಗೆ ವಿನಾಯಿತಿ ಇದ್ದರೆ ಬಾಡಿಗೆಯಿಂದ ಅದಕ್ಕೆ ಪೆಟ್ಟು ಬೀಳುತ್ತದಾ ಕೇಳಿಕೊಳ್ಳಿ. ಚರ್ಚಿನ ಸುತ್ತ ಖಾಲಿ ಜಾಗ ಇದ್ದರೆ ಅದನ್ನೂ ಯೋಚನೆಗೆ ತಗೊಳ್ಳಿ, ಕೆಲವು ಸಲ ಉತ್ತರ ಕಟ್ಟಡದ ಹೊರಗೆ ಇರುತ್ತದೆ. ಕ್ಯಾಲಿಫೋರ್ನಿಯಾದಲ್ಲಿ 2023ರಲ್ಲಿ ಒಂದು ಕಾನೂನೇ ತಂದರು, ಧಾರ್ಮಿಕ ಸಂಸ್ಥೆಗಳು ತಮ್ಮ ಜಾಗದಲ್ಲಿ ಕಡಿಮೆ ಆದಾಯದವರಿಗೆ ಮನೆ ಕಟ್ಟುವುದು ಸುಲಭ ಆಗಲಿ ಅಂತ.

ಕೊಯರ್ ಅಕ್ಕ:

ಏನೂ ಮಾಡಲು ಆಗದ ಚರ್ಚುಗಳೂ ಇರುತ್ತವೆ ತಮ್ಮಾ. ಸಭೆಯೂ ಇಲ್ಲ, ಕೊಳ್ಳುವವರೂ ಇಲ್ಲ, ಕೆಡವಲು ಮನಸ್ಸೂ ಬರುವುದಿಲ್ಲ. ಅಂಥವನ್ನು ನೋಡಿಕೊಳ್ಳಲು ಇಂಗ್ಲೆಂಡಿನಲ್ಲಿ 1969ರಲ್ಲಿ ಒಂದು ಸಂಸ್ಥೆ ಮಾಡಿದರು, ಈಗ ಅದಕ್ಕೆ ಚರ್ಚಸ್ ಕನ್ಸರ್ವೇಶನ್ ಟ್ರಸ್ಟ್ ಅಂತ ಹೆಸರು. 350ಕ್ಕೂ ಜಾಸ್ತಿ ಚರ್ಚು ಅವರ ಕೈಯಲ್ಲಿದೆ. ಕೆಲವದರಲ್ಲಿ ರಾತ್ರಿ ಮಲಗಲು ಮಂಚ ಹಾಕಿ ಬಾಡಿಗೆಗೆ ಕೊಡುತ್ತಾರೆ. ಬ್ರಿಸ್ಟಲ್‌ನ ಒಂದರಲ್ಲಿ ಸರ್ಕಸ್ ಶಾಲೆ ಇದೆ. ಅಷ್ಟು ಎತ್ತರದ ಛಾವಣಿ ಉಯ್ಯಾಲೆಗೆ ಬೇರೆಲ್ಲಿ ಸಿಗಬೇಕು ಹೇಳಿ? ಓದಿ ನಗು ಬಂತು, ಆಮೇಲೆ ನಮ್ಮ ಚರ್ಚೂ ಹಾಗಾದರೂ ಆಗಬಾರದಿತ್ತಾ ಅನಿಸಿತು. ಅದು ಈಗ ಗೋದಾಮು.

ಮೂರನೇ ಬೆಂಚು:

ಎರಡೂವರೆ ತಿಂಗಳಾದ ಮೇಲೆ ಬರೆಯುತ್ತಿದ್ದೇನೆ. ಹೇಳಲು ಬಹಳ ಇದೆ.

ಮೊದಲು ಬಕೆಟ್. ತಜ್ಞರು ಏಣಿ ಹತ್ತಿದರು. ನೀರಿನ ಪೈಪಿನ ಬಾಯಲ್ಲಿ ಪಾರಿವಾಳದ ಗೂಡು, ಕೆಳಗೆ ಎರಡು ಹೆಂಚು ಒಡೆದಿತ್ತು. ಗೋಪುರದ ಪಾರಿವಾಳ ಅವರೇ, ತಪ್ಪು ತಿಳಿಯಬೇಡಿ. ಪೈಪು ಬಿಡಿಸಿ ಹೆಂಚು ಹಾಕಿದ ಮೇಲೆ ಎರಡು ಮಳೆ ಬಂತು, ಒಂದು ಹನಿಯೂ ಬೀಳಲಿಲ್ಲ. ಗೋಪುರದ ಬುಡದಲ್ಲಿ ಮಾತ್ರ ಯಾರೋ ಸಿಮೆಂಟು ಮೆತ್ತಿದ್ದಾರೆ, ಅದು ಐದು ವರ್ಷದ ಪಟ್ಟಿಗೆ ಹೋಗಿದೆ.

ಹಾಳೆಯ ಲೆಕ್ಕ ಹೀಗಿದೆ. ದೊಡ್ಡ ಚರ್ಚು ವಾರಕ್ಕೆ ಮೂರೂವರೆ ಗಂಟೆ ಬಳಕೆ. ಹಿಂದಿನ ಸಣ್ಣ ಹಾಲ್ 31 ಗಂಟೆ. ಅಂದರೆ ಎಲ್ಲರೂ ಕಿತ್ತಾಡುತ್ತಿದ್ದದ್ದು ಖಾಲಿ ಇದ್ದ ಕೋಣೆಗೆ, ತುಂಬಿ ತುಳುಕುತ್ತಿದ್ದ ಕೋಣೆಯ ಬಗ್ಗೆ ಯಾರೂ ಮಾತೇ ಆಡಿರಲಿಲ್ಲ. ನಮ್ಮ ಪಾದ್ರಿ ಅಯ್ಯನವರು ಆ ಹಾಳೆಯನ್ನು ಬಹಳ ಹೊತ್ತು ನೋಡಿದರು.

ಅಕ್ಕ, ನೀವು ಹೇಳಿದ ಸಂಜೆ ಮಾಡಿದೆವು. ಅರ್ಧ ಗಂಟೆ ಅಂದುಕೊಂಡದ್ದು ಮೂರು ಗಂಟೆ ಆಯಿತು. ಆ ತಾಯಿ ಬಂದು ತಮ್ಮ ಬೆಂಚಿನ ಹತ್ತಿರವೇ ನಿಂತರು. ‘ಇವರು ಪ್ರಸಂಗದ ಹೊತ್ತಿಗೆ ಇಲ್ಲಿ ನಿದ್ದೆ ಮಾಡುತ್ತಿದ್ದರು, ನಾನು ಮೊಣಕೈಯಲ್ಲಿ ತಿವಿಯುತ್ತಿದ್ದೆ’ ಅಂದರು. ಎಲ್ಲರೂ ನಕ್ಕರು, ಅವರೂ ನಕ್ಕರು. ಹೋಗುವಾಗ, ಬೆಂಚನ್ನು ಮುಂದಿನ ಸಾಲಿಗೆ ತಂದರೆ ಆಗುತ್ತದಾ ಅಂತ ಅವರೇ ಕೇಳಿದರು.

ಬೀದಿಯವರನ್ನೂ ಕರೆದೆವು, 23 ಜನ ಬಂದರು. ಪರೀಕ್ಷೆಗೆ ಓದಲು ಸದ್ದಿಲ್ಲದ ಜಾಗ ಬೇಕು ಅಂದವರೇ ಜಾಸ್ತಿ. ನಮ್ಮಲ್ಲಿ ಸದ್ದಿಲ್ಲದ ಜಾಗಕ್ಕೆ ಏನು ಬರ! ಒಬ್ಬ ಹಿರಿಯರು ಮಾತ್ರ ತಮಗೆ ಏನೂ ಬೇಡ, ಗಂಟೆ ನಿಲ್ಲಿಸಬೇಡಿ ಅಂದರು. ಅವರು ಗುಳಿಗೆ ತಗೊಳ್ಳುವುದು ಆ ಗಂಟೆ ಕೇಳಿಯಂತೆ.

ಈಗಿನ ತೀರ್ಮಾನ: ಮಾರುವುದಿಲ್ಲ, ಬಾಡಿಗೆಗೂ ಇಲ್ಲ, ಆರು ತಿಂಗಳು ಪ್ರಯೋಗ. ಹಿಂದಿನ ಒಂಬತ್ತು ಸಾಲು ಬೆಂಚು ಬಿಚ್ಚಿ ಪಕ್ಕಕ್ಕೆ ಇಟ್ಟಿದ್ದೇವೆ, ಅಲ್ಲಿ ಮೇಜು ಹಾಕಿ ಸಂಜೆ ಓದುವವರಿಗೆ ಬಿಟ್ಟಿದ್ದೇವೆ. ಗೋಡೆಗೆ ಒಂದು ಮೊಳೆಯನ್ನೂ ಹೊಡೆದಿಲ್ಲ. ಆಮೇಲೆ ಮತ್ತೆ ಹಾಳೆ ಅಂಟಿಸಿ ಎಣಿಸುತ್ತೇವೆ. ಮೇಲಿನವರಿಗೆ ಹತ್ತು ವರ್ಷದ್ದರ ಬದಲು ಇದನ್ನೇ ಬರೆದು ಕಳಿಸಿದೆ, ಒಪ್ಪಿದ್ದಾರೆ.

ಬಿಸಿರಕ್ತ:

ಆರು ತಿಂಗಳ ಮೇಲೆ ಅಂಕಿ ಹಾಕಿ. ಓದುವವರು ಬರದಿದ್ದರೆ ನನ್ನ ಮಾತು ಹಾಗೇ ನಿಂತಿದೆ. ಬಂದರೆ, ನನ್ನ ಹತ್ತಿರ ಎರಡು ಟೇಬಲ್ ಲ್ಯಾಂಪ್ ಇವೆ, ಕಳಿಸುತ್ತೇನೆ.

ಲೆಕ್ಕದ ಪುಸ್ತಕ:

ಸಂಜೆ ಬಾಗಿಲು ತೆರೆಯುವವರು ಯಾರು? ಕೀಲಿ ಯಾರ ಹತ್ತಿರ? ಅದು ಬರೆದಿಲ್ಲ ನೀವು.

ಮೂರನೇ ಬೆಂಚು:

ಅದನ್ನೇ ಮೊನ್ನೆ ಎಣಿಸಿದೆವು ಸರ್. ಮುಂಬಾಗಿಲಿಗೆ ಒಟ್ಟು ಹನ್ನೊಂದು ಕೀಲಿ ಮಾಡಿಸಿದ ಲೆಕ್ಕ ಇದೆ. ಎಂಟು ಸಿಕ್ಕಿವೆ. ಮೂರು ಯಾರ ಹತ್ತಿರ ಇವೆ ಅಂತ ಯಾರಿಗೂ ಗೊತ್ತಿಲ್ಲ. ಭಾನುವಾರ ಪ್ರಕಟಣೆಯಲ್ಲಿ ಓದಿಸುತ್ತೇವೆ.